ಬೆಡ್‌ಫರ್ಡ್ ಬೀದಿಯ ಲೆಕ್ಕದ ಮೇಷ್ಟ್ರು

ಲಂಡನ್ನಿನ ಕೊವೆಂಟ್ ಗಾರ್ಡನ್ ಹತ್ತಿರ ಬೆಡ್‌ಫರ್ಡ್ ಸ್ಟ್ರೀಟ್ ಅಂತ ಒಂದು ಚಿಕ್ಕ ಬೀದಿ ಇದೆ. ಸ್ಟ್ರ್ಯಾಂಡ್ ಅನ್ನೋ ದೊಡ್ಡ ರಸ್ತೆಯಿಂದ ಎಡಕ್ಕೆ ಏರಿದರೆ ಐದು ನಿಮಿಷದಲ್ಲಿ ಮುಗಿದು ಹೋಗುತ್ತೆ. ಪ್ರವಾಸಿಗರು ಇಲ್ಲಿ ನಿಲ್ಲೋದಿಲ್ಲ, ಮಾರ್ಕೆಟ್ ಕಡೆ, ಬೀದಿ ಸರ್ಕಸ್ ಕಡೆ ನಡೆದುಬಿಡ್ತಾರೆ. ಕೆಲಸದ ಮೇಲೆ ಹೋದಾಗ ಸಿಕ್ಕ ಒಂದು ಖಾಲಿ ಶನಿವಾರವನ್ನು ನಾನು ಈ ಬೀದಿಗಾಗಿ ಇಟ್ಟುಕೊಂಡಿದ್ದೆ. ಕಾರಣ, 1756ರ ಒಂದು ಪುಸ್ತಕದ ಶೀರ್ಷಿಕೆ ಪುಟ.

ಆ ಪುಟ ಹೇಳೋದು ಇಷ್ಟು. ಪುಸ್ತಕ, ಡ್ರಾಫ್ಟ್ಸ್ ಆಟದ ಪರಿಚಯ. ಒಳಗೆ ಐವತ್ತು ಆಯ್ದ ಆಟಗಳು. ಬರೆದವನು ವಿಲಿಯಂ ಪೇನ್, ಗಣಿತ ಕಲಿಸುವವನು. ಅಚ್ಚಾಗಿದ್ದು ಲೇಖಕನ ಸ್ವಂತ ಖರ್ಚಿನಲ್ಲಿ. ವಿಳಾಸ, ಬೆಡ್‌ಫರ್ಡ್ ಸ್ಟ್ರೀಟ್, ಚಿನ್ನದ ಗುಂಡಿನ ಗುರುತಿನ ಮನೆ.

ಡ್ರಾಫ್ಟ್ಸ್ ಅಂದರೆ ನಮಗೆ ಗೊತ್ತಿರೋ ಚೆಕರ್ಸೇ. ಅಮೆರಿಕದವರು ಚೆಕರ್ಸ್ ಅಂತಾರೆ, ಬ್ರಿಟಿಷರು ಡ್ರಾಫ್ಟ್ಸ್ ಅಂತಾರೆ. ಚೆಸ್ ಬೋರ್ಡಿನ ಅದೇ 64 ಮನೆಗಳಲ್ಲಿ ಒಂದೇ ಬಣ್ಣದ 32 ಮನೆ ಮಾತ್ರ ಬಳಕೆ. ಒಬ್ಬೊಬ್ಬರಿಗೆ 12 ಬಿಲ್ಲೆ. ಓರೆಯಾಗಿ ನಡೆಯೋದು, ಎದುರಾಳಿಯ ಬಿಲ್ಲೆ ಮೇಲೆ ಹಾರಿ ಹೊಡೆಯೋದು, ಕೊನೆ ಸಾಲು ಮುಟ್ಟಿದರೆ ರಾಜ. ಹೊಡೆಯೋ ಅವಕಾಶ ಇದ್ದರೆ ಹೊಡೆಯಲೇಬೇಕು. ಹಳೇ ನಿಯಮದಲ್ಲಿ ಮರೆತು ಬಿಟ್ಟರೆ ಎದುರಾಳಿ ಆ ಬಿಲ್ಲೆಯನ್ನೇ ಎತ್ತಿ ಪಕ್ಕಕ್ಕಿಡಬಹುದಿತ್ತು. ಈ ಆಟದ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಮೊದಲ ಪುಸ್ತಕ ಪೇನ್‌ನದು ಅಂತಲೇ ಲೆಕ್ಕ.

ಇಷ್ಟಾದರೂ ಆತನ ಬದುಕಿನ ಬಗ್ಗೆ ಹುಡುಕಿ ನೋಡಿ. ಜೀವನಚರಿತ್ರೆ ಕೋಶಗಳಲ್ಲಿ ಸಿಗೋದು ಬೆರಳೆಣಿಕೆಯ ಸಾಲು. ಆ ಸಾಲುಗಳಲ್ಲೂ ಅರ್ಧ ಇನ್ನೊಬ್ಬರ ಬಗ್ಗೆ! ಆ ಇನ್ನೊಬ್ಬರು ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್, ಇಂಗ್ಲಿಷ್ ನಿಘಂಟಿನ ಜಾನ್ಸನ್. ಪೇನ್ ಪುಸ್ತಕದ ಅರ್ಪಣೆ ಮತ್ತು ಮುನ್ನುಡಿ ಎರಡನ್ನೂ ಬರೆದಿದ್ದು ಆತ. ಹಾಗಂತ ಪುಸ್ತಕದಲ್ಲಿ ಎಲ್ಲೂ ಜಾನ್ಸನ್ ಹೆಸರಿಲ್ಲ. ಪೇನ್ ಹೆಸರಿನಲ್ಲೇ ಇರೋ ಮಾತುಗಳು ಜಾನ್ಸನ್‌ನವು ಅಂತ ಆಮೇಲೆ ಜಗತ್ತಿಗೆ ಸಾರಿದವರಲ್ಲಿ ಮುಖ್ಯ, ಅವನ ಜೀವನಚರಿತ್ರೆ ಬರೆದ ಬಾಸ್‌ವೆಲ್. ಅಲ್ಲಿಂದ ಈ ಪುಸ್ತಕ ಜಾನ್ಸನ್ ಸಾಹಿತ್ಯದ ಸಂಗ್ರಾಹಕರ ಕೈಗೆ ಹೋಯ್ತು. 1937ರಲ್ಲಿ ಆಲೆನ್ ಹೇಜನ್ ಅನ್ನೋ ವಿದ್ವಾಂಸರು ಜಾನ್ಸನ್ ಬೇರೆಯವರಿಗೆ ಬರೆದುಕೊಟ್ಟ ಮುನ್ನುಡಿ, ಅರ್ಪಣೆಗಳ ಬಗ್ಗೆಯೇ ಒಂದಿಡೀ ಗ್ರಂಥ ತಂದರು. ಮೊದಲೆರಡು ಬರಹಕ್ಕಾಗಿ ಪುಸ್ತಕ ಕೊಳ್ಳುವವರಿಗೆ ಹಿಂದಿನ ಐವತ್ತು ಆಟ ಯಾಕೆ ಬೇಕು ಹೇಳಿ?

ಹಾಗಾಗಿ ಪೇನ್‌ನನ್ನು ಹುಡುಕೋ ದಾರಿ ಜಾನ್ಸನ್ ಮನೆಯಿಂದಲೇ ಶುರುವಾಗಬೇಕು. ಫ್ಲೀಟ್ ಸ್ಟ್ರೀಟ್‌ನಿಂದ ಒಂದು ಸಂದಿ ಹಿಡಿದು ಒಳಗೆ ಹೋದರೆ ಗಫ್ ಸ್ಕ್ವೇರ್. ಅಲ್ಲಿ 17ನೇ ನಂಬರಿನ ಇಟ್ಟಿಗೆ ಮನೆ ಈಗ ಮ್ಯೂಸಿಯಂ. ಎದುರಿಗೆ ಅವನ ಪ್ರೀತಿಯ ಬೆಕ್ಕು ಹಾಡ್ಜ್‌ನ ಕಂಚಿನ ಪ್ರತಿಮೆ. (ಬೆಕ್ಕಿಗೂ ಪ್ರತಿಮೆ ಇದೆ, ನಮ್ಮ ಮೇಷ್ಟ್ರಿಗೆ ಇಲ್ಲ. ಇರಲಿ.) ಮೆಟ್ಟಿಲು ಹತ್ತಿ ಮೇಲಿನ ಅಟ್ಟಕ್ಕೆ ಹೋದರೆ ಅದೇ ನಿಘಂಟಿನ ಕಾರ್ಖಾನೆ. ಆರು ಜನ ಸಹಾಯಕರು ಇಲ್ಲಿ ಕೂತು ಬರೆದುಕೊಳ್ತಿದ್ದರು.

ನಿಘಂಟು ಹೊರಬಂದಿದ್ದು 1755ರ ಏಪ್ರಿಲ್‌ನಲ್ಲಿ. ಅದಕ್ಕೆ ಎರಡು ತಿಂಗಳ ಮುಂಚೆ ಲಾರ್ಡ್ ಚೆಸ್ಟರ್‌ಫೀಲ್ಡ್‌ಗೆ ಜಾನ್ಸನ್ ಬರೆದ ಪತ್ರ ಪ್ರಸಿದ್ಧ. ಕಷ್ಟದಲ್ಲಿದ್ದಾಗ ತಿರುಗಿ ನೋಡದ ಶ್ರೀಮಂತನ ಆಶ್ರಯ ಈಗ ನನಗೆ ಬೇಡ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದ ಪತ್ರ ಅದು. ಅದಾಗಿ ಒಂದೇ ವರ್ಷಕ್ಕೆ ಅದೇ ಜಾನ್ಸನ್, ಒಬ್ಬ ಲೆಕ್ಕದ ಮೇಷ್ಟ್ರ ಪರವಾಗಿ, ಅರ್ಲ್ ಆಫ್ ರಾಚ್‌ಫರ್ಡ್ ಅನ್ನೋ ಶ್ರೀಮಂತನಿಗೆ ವಿನಯದಿಂದ ಅರ್ಪಣೆ ಬರೆದುಕೊಡ್ತಾನೆ. ತನಗೆ ಬೇಡವಾದ ಆಶ್ರಯ, ಪೇನ್‌ಗೆ ಬೇಕಿತ್ತು. ಜಾನ್ಸನ್ ಕೂಡ ಆಗ ಸುಖದಲ್ಲೇನೂ ಇರಲಿಲ್ಲ. 1756ರ ಮಾರ್ಚ್‌ನಲ್ಲಿ 5 ಪೌಂಡ್ 18 ಶಿಲಿಂಗ್ ಸಾಲಕ್ಕೆ ಬಂಧನಕ್ಕೊಳಗಾಗಿ, ಕಾದಂಬರಿಕಾರ ರಿಚರ್ಡ್‌ಸನ್‌ಗೆ ಪತ್ರ ಬರೆದು ಹಣ ತರಿಸಿಕೊಂಡ. ದೇಶಕ್ಕೇ ನಿಘಂಟು ಕೊಟ್ಟವನ ಸ್ಥಿತಿ ಇದು.

ಆ ಅರ್ಪಣೆಯ ಸಾರ ನನಗೆ ಇಷ್ಟ. ಇದು ಬರೀ ಆಟ ಅಂತ ತಳ್ಳಿಹಾಕಬೇಡಿ, ಮುಂದೇನಾಗುತ್ತೆ ಅಂತ ಮೊದಲೇ ಯೋಚಿಸೋದನ್ನು, ಎಚ್ಚರ ತಪ್ಪದಿರೋದನ್ನು ಕಲಿಸುವ ಯಾವುದೂ ಕ್ಷುಲ್ಲಕ ಅಲ್ಲ ಅನ್ನೋದು ಅದರ ವಾದ. ಜಾನ್ಸನ್ ಆಕ್ಸ್‌ಫರ್ಡ್‌ನಲ್ಲಿ ಓದುವಾಗ ಗೆಳೆಯರ ಜೊತೆ ಡ್ರಾಫ್ಟ್ಸ್ ಆಡಿದವನು, ಹಾಗಾಗಿ ಪೂರ್ತಿ ಬಾಡಿಗೆ ಮಾತೂ ಅಲ್ಲ.

ಗಫ್ ಸ್ಕ್ವೇರ್‌ನಿಂದ ಬೆಡ್‌ಫರ್ಡ್ ಸ್ಟ್ರೀಟ್‌ಗೆ ಇಪ್ಪತ್ತು-ಇಪ್ಪತ್ತೈದು ನಿಮಿಷದ ನಡಿಗೆ. ಫ್ಲೀಟ್ ಸ್ಟ್ರೀಟ್ ಮುಗಿಯೋ ಜಾಗದಲ್ಲಿ, ಹೈಕೋರ್ಟಿನ ದೊಡ್ಡ ಕಟ್ಟಡದ ಪಕ್ಕ, ಬೆಲ್ ಯಾರ್ಡ್ ಅನ್ನೋ ಗಲ್ಲಿ ಬರುತ್ತೆ. ಅಲ್ಲಿ ಒಂದು ನಿಮಿಷ ನಿಲ್ಲಿ. ಯಾಕಂದ್ರೆ ಇದೇ ಗಲ್ಲಿಯಲ್ಲಿ, ಇದೇ ಕಾಲದಲ್ಲಿ, ಇನ್ನೊಬ್ಬ ವಿಲಿಯಂ ಪೇನ್ ಇದ್ದ! ಈತ ಬಡಗಿ. ಜೊತೆಗೆ ಕಾನ್‌ಸ್ಟೇಬಲ್. ವೇಶ್ಯೆಯರ ಮೇಲೆ, ಆಮೇಲೆ ಕ್ಯಾಥೊಲಿಕ್ ಪಾದ್ರಿಗಳ ಮೇಲೆ ದೂರು ಕೊಟ್ಟು ಕೋರ್ಟಿಗೆಳೆಯೋದನ್ನೇ ಕಸುಬು ಮಾಡಿಕೊಂಡಿದ್ದವನು. 1782ರಲ್ಲಿ ತೀರಿಕೊಂಡ. ಇತಿಹಾಸಕಾರ್ತಿ ಜೊಆನಾ ಇನ್ನಿಸ್ ಈ ಬಡಗಿಯ ಬಗ್ಗೆ ದೀರ್ಘ ಅಧ್ಯಯನ ಮಾಡಿದ್ದಾರೆ, ಅದು ಸಾಧ್ಯವಾಗಿದ್ದಕ್ಕೆ ಕಾರಣ ಇದೆ. ಕೋರ್ಟಿಗೆ ಹೋದವನ ಹೆಸರು ಕಾಗದದ ಮೇಲೆ ಉಳಿಯುತ್ತೆ. ಯಾರ ಮೇಲೂ ಕೇಸು ಹಾಕದೆ, ಯಾರಿಂದಲೂ ಹಾಕಿಸಿಕೊಳ್ಳದೆ, ಹುಡುಗರಿಗೆ ತ್ರಿಕೋನದ ಪಾಠ ಹೇಳಿಕೊಂಡು ಬದುಕಿದವನು ಉಳಿಯೋದು ಕಷ್ಟ.

ಹಳೇ ಕಾಲದವರನ್ನು ಹುಡುಕೋ ಹವ್ಯಾಸ ನಿಮಗಿದ್ದರೆ ಇದನ್ನು ಗಮನದಲ್ಲಿಟ್ಟುಕೊಳ್ಳಿ. ಹೆಸರು ಮಾತ್ರ ಹೊಂದಿದರೆ ಸಾಲದು. ಕಸುಬು, ಬೀದಿ, ವರ್ಷ ಮೂರೂ ಕೂಡಬೇಕು. ಕಾಗುಣಿತವನ್ನೂ ನಂಬೋ ಹಾಗಿಲ್ಲ, ಪೇನ್ ಅನ್ನೋದನ್ನೇ ಆಗ ಎರಡು ಮೂರು ರೀತಿ ಬರೀತಿದ್ದರು. ಸ್ಕ್ಯಾನ್ ಆದ ಪುಸ್ತಕದಲ್ಲಿ ಹುಡುಕೋದಾದರೆ ಇನ್ನೊಂದು ತಮಾಷೆ. ಆ ಕಾಲದ ಅಚ್ಚಿನಲ್ಲಿ ಉದ್ದನೆಯ 'ಎಸ್' ಅಕ್ಷರ ನೋಡೋಕೆ 'ಎಫ್' ಥರ ಇರುತ್ತೆ, ಕಂಪ್ಯೂಟರ್ ಅದನ್ನು ಹಾಗೇ ಓದಿಬಿಡುತ್ತೆ. 'ಸ್ಕ್ವೇರ್' ಅಂತ ಟೈಪ್ ಮಾಡಿದರೆ ಶೂನ್ಯ, ಮೊದಲ ಅಕ್ಷರ 'ಎಫ್' ಮಾಡಿದರೆ ಸಾಲುಸಾಲು ಫಲಿತಾಂಶ.

ಸರಿ, ಬೆಡ್‌ಫರ್ಡ್ ಸ್ಟ್ರೀಟ್. ಚಿನ್ನದ ಗುಂಡು ಎಲ್ಲಿ?

ಇಲ್ಲ. ಇರೋಕೆ ಸಾಧ್ಯವೂ ಇಲ್ಲ. 1756ರಲ್ಲಿ ಲಂಡನ್ ಮನೆಗಳಿಗೆ ನಂಬರ್ ಇರಲಿಲ್ಲ, ಬಾಗಿಲ ಮುಂದೆ ನೇತಾಡುವ ಬೋರ್ಡೇ ವಿಳಾಸ. ಸಿಂಹ, ಗಂಟೆ, ಕಿರೀಟ, ಗುಂಡು, ಹೀಗೆ. ಗಾಳಿ ಬೀಸಿದರೆ ಕಿರುಗುಟ್ಟೋದು, ಬೆಳಕು ತಡೆಯೋದು, ಕೆಲವೊಮ್ಮೆ ಜನರ ತಲೆ ಮೇಲೆ ಬೀಳೋದು. 1760ರ ದಶಕದಲ್ಲಿ ರಸ್ತೆಗಳಿಗೆ ಕಲ್ಲು ಹಾಸೋ ಕಾನೂನು ಬಂದಾಗ ಈ ಬೋರ್ಡುಗಳನ್ನೆಲ್ಲ ಇಳಿಸಿದರು, ನಿಧಾನಕ್ಕೆ ನಂಬರ್ ಬಂತು. ಪೇನ್ ತನ್ನ ವಿಳಾಸ ಅಂತ ಜಗತ್ತಿಗೆ ಹೇಳಿದ ಒಂದೇ ಒಂದು ಗುರುತು ಹತ್ತು ವರ್ಷದೊಳಗೇ ಅರ್ಥ ಕಳೆದುಕೊಂಡಿತು. ತೆರಿಗೆ ಪುಸ್ತಕಗಳೇನೋ ವೆಸ್ಟ್‌ಮಿನ್‌ಸ್ಟರ್ ನಗರದ ದಾಖಲೆ ಕೇಂದ್ರದಲ್ಲಿ ಇವೆ, ಬೀದಿವಾರು ಹೆಸರುಗಳೂ ಇವೆ. ಆದರೆ ಅವುಗಳಲ್ಲಿ ಇರೋದು ಮನೆಗೆ ತೆರಿಗೆ ಕಟ್ಟಿದವರ ಹೆಸರು. ಅಂಗಡಿ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರು ತೆರಿಗೆಯವನ ಕಣ್ಣಿಗೆ ಮನುಷ್ಯನೇ ಅಲ್ಲ. ಬೆಂಗಳೂರಿನ ಪಿಜಿಗಳಲ್ಲಿ ಇರೋ ನಮ್ಮ ಹೆಸರು ಇನ್ನೂರೈವತ್ತು ವರ್ಷದ ಮೇಲೆ ಯಾವ ಪುಸ್ತಕದಲ್ಲಿ ಸಿಗುತ್ತೆ, ಅದೂ ಯೋಚಿಸಬೇಕಾದ್ದೇ.

ಬೀದಿಯಲ್ಲಿ ಆತ ನೋಡಿರಬಹುದಾದ್ದು ಅಂತ ಉಳಿದಿರೋದು ಸೇಂಟ್ ಪಾಲ್ಸ್ ಚರ್ಚು. ಇನಿಗೋ ಜೋನ್ಸ್ 1630ರ ದಶಕದಲ್ಲಿ ಕಟ್ಟಿದ್ದು, 1795ರಲ್ಲಿ ಬೆಂಕಿಗೆ ಸಿಕ್ಕು ಮತ್ತೆ ಎದ್ದಿದ್ದು. ಬೆಡ್‌ಫರ್ಡ್ ಸ್ಟ್ರೀಟ್ ಕಡೆಯಿಂದ ಗೇಟಿನೊಳಗೆ ಹೋದರೆ ಪುಟ್ಟ ತೋಟ, ಬೆಂಚುಗಳು. ಆಫೀಸಿನವರು ಇಲ್ಲಿ ಸ್ಯಾಂಡ್‌ವಿಚ್ ತಿಂತಾ ಕೂತಿರ್ತಾರೆ.

ಇಲ್ಲಿಂದ ಐದು ನಿಮಿಷ ನಡೆದರೆ ಸೇಂಟ್ ಮಾರ್ಟಿನ್ಸ್ ಲೇನ್. ಅಲ್ಲಿದ್ದ ಸ್ಲಾಟರ್ಸ್ ಕಾಫಿ ಹೌಸ್‌ನಲ್ಲಿ 1747ರಲ್ಲಿ ಫ್ರಾನ್ಸಿನ ಫಿಲಿಡೋರ್ ಚೆಸ್ ಆಡಿ ಸ್ಟಾಮಾನನ್ನು ಸೋಲಿಸಿದ. ಫಿಲಿಡೋರ್ 1749ರಲ್ಲಿ ತಂದ ಚೆಸ್ ಪುಸ್ತಕ ಯುರೋಪೆಲ್ಲ ಓಡಾಡಿತು, ಅವನು ಸಂಗೀತಗಾರನೂ ಹೌದು, ಅವನ ಬದುಕು ಮೊದಲಿಂದ ಕೊನೆವರೆಗೆ ಗೊತ್ತು. ಚೆಸ್‌ಗೆ ಅರಮನೆಯ ನಂಟು ಇತ್ತು. ಡ್ರಾಫ್ಟ್ಸ್ ಹೆಂಡದಂಗಡಿಯ, ಕಮ್ಮಾರನ ಜಗಲಿಯ ಆಟ. ಅದರ ಪುಸ್ತಕ ಬರೆದವರೂ ಅಂಥವರೇ. 1852ರಲ್ಲಿ ಆಟದ ನಿಯಮಗಳಿಗೆ ಒಂದು ಗಟ್ಟಿ ರೂಪ ಕೊಟ್ಟ ಆಂಡ್ರ್ಯೂ ಆಂಡರ್ಸನ್, ಸ್ಕಾಟ್ಲೆಂಡಿನ ಕಾರ್ಲೂಕ್ ಊರಿನಲ್ಲಿ ಕಾಲುಚೀಲ ನೇಯ್ತಿದ್ದವನು. ನಮ್ಮಲ್ಲೂ ನೋಡಿ, ಮಣೆ ಆಟಗಳ ಬಗ್ಗೆ ಮುಮ್ಮಡಿ ಕೃಷ್ಣರಾಜ ಒಡೆಯರ್ ಬರೆಸಿದ್ದು ಶ್ರೀತತ್ತ್ವನಿಧಿಯಲ್ಲಿ ಭದ್ರವಾಗಿದೆ. ದೇವಸ್ಥಾನದ ಜಗಲಿ ಕಲ್ಲಿನ ಮೇಲೆ ಹುಲಿ-ಕುರಿ ಆಟದ ಗೆರೆ ಕೊರೆದವರ ಹೆಸರು ಹೇಳಿ ನೋಡೋಣ.

ಚರ್ಚಿನ ತೋಟದ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಪೇನ್ ಪುಸ್ತಕದ ಪುಟಗಳನ್ನು ತೆರೆದೆ. ಜಾನ್ಸನ್ ಪುಟಗಳನ್ನು ದಾಟಿದ ಮೇಲೆ ಗದ್ಯ ನಿಂತೇ ಹೋಗುತ್ತೆ. ಆಮೇಲೆ ಬರೀ ಅಂಕಿ. 32 ಮನೆಗಳಿಗೆ ಒಂದೊಂದು ನಂಬರ್, ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ. ಮೊದಲು ಬೇಜಾರಾಗುತ್ತೆ. ಬ್ಯಾಗಿನಲ್ಲಿದ್ದ ಚಿಕ್ಕ ಮ್ಯಾಗ್ನೆಟ್ ಬೋರ್ಡ್ ತೆಗೆದು ಒಂದೊಂದೇ ನಡೆ ಇಟ್ಟಾಗ ಮಾತ್ರ ಅದು ಮಾತಾಡೋಕೆ ಶುರುವಾಗೋದು. ಒಂದು ಬಿಲ್ಲೆಯನ್ನು ಬೇಕಂತಲೇ ಬಿಟ್ಟುಕೊಡೋದು, ಹೊಡೆಯಲೇಬೇಕಾದ ಎದುರಾಳಿ ಜಾಗ ಬಿಟ್ಟು ಬರೋದು, ಆ ಖಾಲಿ ಜಾಗದಿಂದ ಎರಡು ಬಿಲ್ಲೆ ಒಟ್ಟಿಗೆ ಎತ್ತೋದು. ಮುನ್ನುಡಿ ಜಾನ್ಸನ್‌ದೇ ಇರಬಹುದು, ಈ ಐವತ್ತು ಆಟಗಳನ್ನು ಆರಿಸಿ, ನಂಬರ್ ಹಾಕಿ, ಹೊಂದಿಸಿದ ತಲೆ ಪೇನ್‌ದು. ಅದಕ್ಕೆ ಭಾಷಾಂತರವೂ ಬೇಡ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಆಟವನ್ನು ಆಳಿದ ಅಮೆರಿಕದ ಮೇರಿಯನ್ ಟಿನ್ಸ್‌ಲೀ ಕೂಡ ಗಣಿತದ ಪ್ರಾಧ್ಯಾಪಕರು, ಇದು ಕಾಕತಾಳೀಯ ಅಂತ ನನಗನಿಸೋದಿಲ್ಲ. 2007ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಜೊನಾಥನ್ ಶೆಫರ್ ತಂಡ ಕಂಪ್ಯೂಟರ್‌ನಿಂದ ಇದನ್ನು ಪೂರ್ತಿ ಬಿಡಿಸಿತು. ಎರಡೂ ಕಡೆಯವರು ತಪ್ಪಿಲ್ಲದೆ ಆಡಿದರೆ ಫಲಿತಾಂಶ ಡ್ರಾ. ಹದಿನೆಂಟು ವರ್ಷದ ಕೆಲಸ ಅದು.

ಪೇನ್ ಆಮೇಲೂ ಬರೆದ. 1767ರಲ್ಲಿ ರೇಖಾಗಣಿತದ ಪುಸ್ತಕ, ಅದಕ್ಕೂ ಅರ್ಪಣೆ ಜಾನ್ಸನ್‌ದೇ, ಈ ಸಲ ರಾಜನ ತಮ್ಮ ಡ್ಯೂಕ್ ಆಫ್ ಯಾರ್ಕ್‌ಗೆ. ಅದೇ ಸೆಪ್ಟೆಂಬರ್‌ನಲ್ಲಿ ಆ ಡ್ಯೂಕ್ ತೀರಿಕೊಂಡ. 1772ರಲ್ಲಿ ತ್ರಿಕೋನಮಿತಿ. 1773ರಲ್ಲಿ ವಿಸ್ಟ್ ಇಸ್ಪೀಟಾಟದ ಸೂತ್ರಗಳ ಪುಟ್ಟ ಪುಸ್ತಕ. ಈ ಕೊನೆಯದರ ಮೇಲೆ ಲೇಖಕನ ಹೆಸರೇ ಇಲ್ಲ, ಪ್ರಕಾಶಕರ ಹೆಸರು ಮಾತ್ರ. ಆ ಪ್ರಕಾಶಕ ಥಾಮಸ್ ಪೇನ್, ವಿಲಿಯಂನ ಸಹೋದರ. ಜನ ಅವನನ್ನು 'ಪ್ರಾಮಾಣಿಕ ಟಾಮ್' ಅಂತ ಕರೀತಿದ್ದರು. ರಾಜನ ಕುದುರೆಲಾಯದ ಗೇಟಿನ ಪಕ್ಕದ ಅವನ ಪುಸ್ತಕದಂಗಡಿ ಲಂಡನ್ನಿನ ಓದುಗರ ಅಡ್ಡಾ.

ಲಾಯ ಇದ್ದ ಜಾಗದಲ್ಲಿ ಈಗ ಟ್ರಫಾಲ್ಗರ್ ಸ್ಕ್ವೇರ್, ನ್ಯಾಷನಲ್ ಗ್ಯಾಲರಿ. ಬೆಡ್‌ಫರ್ಡ್ ಸ್ಟ್ರೀಟ್‌ನಿಂದ ಹತ್ತು ನಿಮಿಷವೂ ಬೇಡ. ಗ್ಯಾಲರಿಯ ಬೆನ್ನಿಗೇ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ, ಪ್ರವೇಶ ಉಚಿತ. ಅದರ ಸಂಗ್ರಹದಲ್ಲಿ ಜೋಶುವಾ ರೆನಾಲ್ಡ್ಸ್ ಬಿಡಿಸಿದ ಜಾನ್ಸನ್ ಚಿತ್ರ ಇದೆ, ಶುರು ಮಾಡಿದ್ದು ಡ್ರಾಫ್ಟ್ಸ್ ಪುಸ್ತಕ ಬಂದ ಅದೇ 1756ರಲ್ಲಿ. ಕುರ್ಚಿಯಲ್ಲಿ ಕೂತ ದಪ್ಪ ಮನುಷ್ಯ, ಕೈಯಲ್ಲಿ ಗರಿಯ ಲೇಖನಿ, ಮುಂದೆ ಮೇಜು. ಏನೋ ಬರೆಯೋದರ ಮಧ್ಯೆ ನಿಂತ ಹಾಗಿದೆ. ನೋಡಿದವರೆಲ್ಲ ನಿಘಂಟು ಅಂದುಕೊಳ್ತಾರೆ. ನಿಘಂಟು ಆಗಲೇ ಅಚ್ಚಾಗಿ ಮುಗಿದಿತ್ತು.