ಗುರುಗಳ ನೆರವಿಗೆ ನಿಲ್ಲುವ ಕಾಯಕ

ಉದ್ಗ್ರಂಥಗಳನ್ನು ಬೋಧಿಸುವವರಿಗೆ ಸಮಾಜದಲ್ಲಿ ಸಲ್ಲುವ ಗೌರವವು ಒಂದನೆಯ ತರಗತಿಯ ಗುರುಗಳಿಗೆ ಸಲ್ಲುವುದಿಲ್ಲ. ಅವರಿಗೆ ನೆರವಾಗುವ ಸಹಾಯಕರನ್ನಂತೂ ಕೇಳುವವರೇ ಇಲ್ಲ. ಮಠದಲ್ಲಿ ವ್ಯಾಕರಣ, ಕಾವ್ಯಗಳನ್ನು ಅಭ್ಯಸಿಸಿ ಬಹುಕಾಲ ಅವುಗಳನ್ನೇ ಪಾಠ ಹೇಳಿದ ನಾವು ಎರಡು ವರ್ಷಗಳಿಂದ ನಮ್ಮೂರ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಗುರುಮಾತೆಯವರೊಬ್ಬರಿಗೆ ಸಹಾಯಕರಾಗಿ, ವೇತನವಿಲ್ಲದೆ, ದಿನಕ್ಕೆರಡು ತಾಸು ಸೇವೆ ಸಲ್ಲಿಸುತ್ತಿದ್ದೇವೆ.

ಇಂಥ ನೆರವು ನಮ್ಮ ನಾಡಿಗೆ ಹೊಸತಲ್ಲ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ಸಾಹೇಬರು ತಮ್ಮ ಜಿಲ್ಲೆಯ 533 ಶಾಲೆಗಳನ್ನು ಕುರಿತು ವರದಿ ಬರೆದರು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದುದು ಅದರಲ್ಲಿದೆ. ಮುಂದುವರಿದ ಮಕ್ಕಳು ಹಿಂದಿನವರಿಗೆ ಕಲಿಸುವ ಕ್ರಮವನ್ನು ಅವರು ಮೆಚ್ಚಿಕೊಂಡಿದ್ದಾರೆ. ಲಿಂಗವಂತರ ಮಕ್ಕಳು ಬಸವಪುರಾಣವನ್ನು ಓದುತ್ತಿದ್ದ ಸಂಗತಿಯೂ ಅಲ್ಲಿ ಉಕ್ತವಾಗಿದೆ.

ಇಂದಿನ ನಲಿ-ಕಲಿಯಲ್ಲಿಯೂ ಆ ತತ್ತ್ವದ ಛಾಯೆಯುಂಟು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಬೇರೆ ಬೇರೆ ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕುಳಿತು ಕಾರ್ಡುಗಳ ಮೂಲಕ ಕಲಿಯುತ್ತಾರೆ. ಅಕ್ಷರಾಭ್ಯಾಸವು ವರ್ಣಮಾಲೆಯ ಕ್ರಮದಲ್ಲಿ ನಡೆಯದು. ರ, ಗ, ಸ, ದ, ಅ ಎಂದು ತೊಡಗುತ್ತದೆ. ಈ ಐದೇ ಅಕ್ಷರಗಳಿಂದ ಸರ, ಅರಸ, ಅಗಸ, ಗರಗಸ ಮುಂತಾದ ಪದಗಳು ಮೂಡುವುದರಿಂದ ಮಗುವಿಗೆ ಓದಿದ ಸಂತೋಷವು ಬೇಗನೆ ದೊರೆಯುತ್ತದೆ. ಗುರುಮಾತೆಯವರು ಒಂದು ಗುಂಪಿನಲ್ಲಿ ಮಗ್ನರಾಗಿರುವಾಗ ಇನ್ನೊಂದರ ಬಳಿ ಕುಳಿತು, ಯಾವ ಮಗು ಎಲ್ಲಿ ತಡವರಿಸಿತೆಂಬುದನ್ನು ಗಮನಿಸಿ ಅವರಿಗೆ ತಿಳಿಸುವುದು ನಮ್ಮ ಕೆಲಸ. ಉತ್ತರವನ್ನು ನಾವೇ ಹೇಳಿಬಿಡದಿರುವುದೇ ಇದರಲ್ಲಿಯ ಕಠಿಣ ಸಾಧನೆ.

ಕಳೆದ ವರ್ಷ ತಾಂಡಾದಿಂದ ಬಂದ ಬಾಲಕನೊಬ್ಬನು ಎರಡು ತಿಂಗಳು ಬಾಯಿ ತೆರೆಯಲಿಲ್ಲ. ಒಂದು ದಿನ ನೀರಿನ ಚಿತ್ರ ಕಂಡು ಮೆಲ್ಲನೆ "ಪಾಣಿ" ಎಂದನು. ಅದು ಅವನ ಮನೆಮಾತು. ಅಂದಿನಿಂದ ಅವನ ಮಾತನ್ನು ಅವನಿಂದ ಕೇಳಿ, ನಮ್ಮ ಮಾತನ್ನು ಅವನಿಗೆ ಹೇಳುತ್ತ ಹೋದೆವು. ಅವನು ಅಕ್ಷರಗಳನ್ನು ಕೂಡಿಸತೊಡಗುವಷ್ಟರಲ್ಲಿ ದೀಪಾವಳಿ ಬಂದಿತು. ತಂದೆತಾಯಿಗಳು ಕಬ್ಬು ಕಡಿಯಲು ಗುಳೆ ಹೊರಟಿದ್ದರು. ಗುರುಮಾತೆಯವರೊಡನೆ ನಾವೂ ತಾಂಡಾಕ್ಕೆ ಹೋದೆವು.

"ಅಜ್ಜಾರ, ಮುದುಕಿ ಹಂತ್ಯಾಕ ಬಿಟ್ಟು ಹೋದ್ರ ಇವ ಓದತಾನೇನ್ರಿ?" ಎಂದು ತಂದೆ ಕೇಳಿದನು.

ಆ ಮಾತಿಗೆ ಉತ್ತರ ಹೇಳಬೇಕಾದವರು ಗುರುಗಳು. ನಾವು ಅವರತ್ತ ನೋಡಿದೆವು.

"ಓದತಾನ. ನಾ ಓದಸ್ತೀನಿ" ಎಂದರು ಅವರು.

ಬಾಲಕನು ಅಜ್ಜಿಯ ಬಳಿ ಉಳಿದನು. ಯುಗಾದಿಯ ವೇಳೆಗೆ ಕಾರ್ಡು ಹಿಡಿದು, ತನಗಿಂತ ಹಿಂದಿದ್ದ ಹುಡುಗಿಯೊಬ್ಬಳಿಗೆ "ಗರಗಸ" ಎಂದು ಓದಿಸುತ್ತಿದ್ದನು.

ವಾಚಕರ ಮನೆಗಳಲ್ಲಿ ನಿವೃತ್ತರಾದ ಹಿರಿಯರು ಅನೇಕರಿದ್ದಾರೆ. ಮುಖ್ಯ ಗುರುಗಳ ಒಪ್ಪಿಗೆ ಪಡೆದು ವಾರಕ್ಕೆರಡು ದಿನವಾದರೂ ಹತ್ತಿರದ ಶಾಲೆಗೆ ಹೋಗಿ ಮಕ್ಕಳ ನಡುವೆ ಕುಳಿತುಕೊಳ್ಳಲಿ. ಪಾಂಡಿತ್ಯ ಬೇಕಿಲ್ಲ, ತಾಳ್ಮೆಯೊಂದಿದ್ದರೆ ಸಾಕು.