ಭಾವನ ಕೈ, ಆಗುಂಬೆಯ ತಿರುವು

ಆ ವರ್ಷ ಮಳೆ ಜೋರು. ತೀರ್ಥಹಳ್ಳಿ ಕಡೆ ಅಕ್ಕನ ಮನೆ ಅಂಗಳದ ತುಂಬ ಪಾಚಿ. ಕೊಟ್ಟಿಗೆಗೆ ಹೊರಟ ಭಾವ ಜಾರಿ, ಬಲಗೈ ಊರಿ ಬಿದ್ದು, ಮಣಿಕಟ್ಟಿನ ಹತ್ತಿರ ಮೂಳೆ ಮುರಿದುಕೊಂಡರು. ಪ್ಲಾಸ್ಟರ್ ಹಾಕಿದ್ದು ತೀರ್ಥಹಳ್ಳಿಯಲ್ಲೋ ಶಿವಮೊಗ್ಗದಲ್ಲೋ, ಈಗ ಮರೆತಿದೆ. ಅವತ್ತು ಅಕ್ಕ ಪತ್ರೊಡೆ ಮಾಡಿದ್ದಳು. ಎಡಗೈಯಲ್ಲಿ ಚಮಚ ಹಿಡಿಯುವುದಿಲ್ಲ ಅಂತ ಭಾವ ಹಠ ಮಾಡಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಅವರ ಓಮ್ನಿಯನ್ನು ಬೇರೆಯವರು ಮುಟ್ಟುವಂತಿರಲಿಲ್ಲ. ದಿನಾ ಬೆಳಿಗ್ಗೆ ಹಳೇ ಪಂಚೆಯಲ್ಲಿ ಗಾಜು ಒರೆಸಿದ ಮೇಲೇ ಕಾಫಿ. ಮುಂದಿನ ವಾರ ಉಡುಪಿಯಲ್ಲಿ ಅವರ ತಂಗಿ ಮನೆಯ ಸತ್ಯನಾರಾಯಣ ಪೂಜೆ. "ನಾನೇ ಓಡಿಸ್ತೇನೆ, ಬೆರಳು ಆಡ್ತಾವಲ್ಲ" ಅಂದರು. ಅಕ್ಕನ ಮಾತು ನಡೆಯಲಿಲ್ಲ.

ಅಷ್ಟೊತ್ತಿಗೆ ಪಕ್ಕದ ಮನೆ ದೊಡ್ಡಯ್ಯ ಬಂದರು. ಘಾಟಿಯಲ್ಲಿ ಬಸ್ ಓಡಿಸುತ್ತಲೇ ತಲೆ ನರೆತವರು. ಕಷಾಯ ಕುಡಿದು, ಹಲಸಿನ ಹಪ್ಪಳ ಮುರಿಯುತ್ತ, "ಆಯ್ತು ಮಾರಾಯ. ಗಾಡಿ ಸ್ಟಾರ್ಟ್ ಮಾಡು. ಎಡಗೈ ಗೇರಿನ ಮೇಲೇ ಇರಲಿ, ಸ್ಟೇರಿಂಗ್ ಬಲಕ್ಕೆ ಪೂರ್ತಿ ಎಳಿ" ಅಂದರು.

ಪವರ್ ಸ್ಟೇರಿಂಗ್ ಇಲ್ಲದ ಗಾಡಿ. ಪ್ಲಾಸ್ಟರಿನಿಂದ ಇಣುಕುತ್ತಿದ್ದ ಬಾತ ಬೆರಳುಗಳು ಸ್ಟೇರಿಂಗ್ ಹಿಡಿದವು, ಎಳೆದ ಕೂಡಲೇ ಜಾರಿದವು. ಇನ್ನೊಮ್ಮೆ ಎಳೆದರು. ಆ ಚಳಿಯಲ್ಲೂ ಹಣೆ ಬೆವರಿತು.

"ನಿಂತ ಗಾಡಿ, ಅದಕ್ಕೇ ಭಾರ."

"ಆಗುಂಬೆಯ 14 ತಿರುವಿನಲ್ಲೂ ಗಾಡಿ ಹೆಚ್ಚುಕಮ್ಮಿ ನಿಂತೇ ತಿರುಗೋದು. ಎದುರಿಂದ ಹತ್ತಿ ಬರುವ ಬಸ್ಸಿನವನಿಗೆ ನಿನ್ನ ಕೈ ಮುರಿದದ್ದು ಗೊತ್ತಿರ್ತದಾ?"

ಭಾವ ಇಳಿದು, ಕೀಲಿ ತಂದು ಅಕ್ಕನ ಕೈಗೆ ಕೊಟ್ಟರು.

ಕಾನೂನೂ ದೊಡ್ಡಯ್ಯನ ಕಡೆಗೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 186ನೇ ಕಲಮಿನಲ್ಲಿ ಪ್ಲಾಸ್ಟರಿನ ಹೆಸರಿಲ್ಲ. ಆದರೆ ಜನರಿಗೆ ಅಪಾಯ ತರುವಂಥ ಕಾಯಿಲೆ, ಊನ ತನಗಿದೆ ಎಂದು ಗೊತ್ತಿದ್ದೂ ಗಾಡಿ ಓಡಿಸುವುದು ಅಪರಾಧ. ಆಗ ಮೊದಲ ಸಲಕ್ಕೆ 200 ರೂಪಾಯಿವರೆಗೆ ದಂಡವಿತ್ತು. 2019ರ ತಿದ್ದುಪಡಿಯಲ್ಲಿ ಅದು 1,000 ಆಯಿತು. ದಂಡದ ಮಾತು ಹಾಗಿರಲಿ, ಅವತ್ತು ಆ ಓಮ್ನಿಯ ಹಿಂದಿನ ಸೀಟಿನಲ್ಲಿ ಅಕ್ಕನೂ ಮಕ್ಕಳೂ ಕೂರುವವರಿದ್ದರು.

ಬಸ್ಸಿಗೇ ಹೋದೆವು. ಪೂಜೆಯ ಸಪಾದ ಭಕ್ಷ್ಯವನ್ನು ಭಾವ ಎಡಗೈಯಲ್ಲೇ, ಚಮಚ ಹಿಡಿದು ತಿಂದರು.

ಪ್ಲಾಸ್ಟರ್ ಬಿಚ್ಚಿದಾಗ ಕೈ ಸೊರಗಿ, ಮಣಿಕಟ್ಟು ಬಿಗಿದುಕೊಂಡಿತ್ತು. ಡಾಕ್ಟರು ಆಗಲೂ ಗಾಡಿ ಬೇಡ ಅಂದರು. ಬಟ್ಟೆಯ ಉಂಡೆ ಹಿಸುಕಿ ಹಿಸುಕಿ ಹಿಡಿತ ಬಂದ ಮೇಲೆ ಮೊದಲು ಓಡಿಸಿದ್ದು ಹಾಲಿನ ಸೊಸೈಟಿವರೆಗೆ.

ಕೈಗೋ ಕಾಲಿಗೋ ಪ್ಲಾಸ್ಟರ್ ಬಿದ್ದರೆ, ಆಸ್ಪತ್ರೆಯಿಂದ ಹೊರಡುವ ಮೊದಲೇ "ಗಾಡಿ ಯಾವಾಗ ಓಡಿಸಬಹುದು, ಈ ಮಾತ್ರೆಗೆ ತೂಕಡಿಕೆ ಬರ್ತದಾ" ಅಂತ ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಅವರು ಹೂಂ ಅನ್ನುವತನಕ ಕೀಲಿ ಮನೆಯವರ ಹತ್ತಿರ ಇರಲಿ.