ಅರ್ಧ ಅಂಕದ ಸಾಲ

ದೊಡ್ಡನೆಕ್ಕುಂದಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನಡೆಯುವಾಗ ಒಮ್ಮೊಮ್ಮೆ ಏರೋಪ್ಲೇನ್ ಚಿಟ್ಟೆಯ ಬಿಡಿ ರೆಕ್ಕೆಗಳು ಕಣ್ಣಿಗೆ ಬೀಳುತ್ತವೆ. ಹಕ್ಕಿ ಮೈಯನ್ನು ತಿಂದು ರೆಕ್ಕೆಯನ್ನು ಉದುರಿಸಿ ಹೋಗಿರುತ್ತದೆ. ಮೊನ್ನೆ ಅಂಥದೊಂದನ್ನು ಅಂಗೈಯಲ್ಲಿಟ್ಟು ನೋಡುತ್ತಿದ್ದಾಗ ನನ್ನ ಹಳೆಯ ತಪ್ಪೊಂದು ನೆನಪಾಯಿತು.

ತರಗತಿಯಲ್ಲಿ ನಾನು ಹೇಳಿಕೊಡುತ್ತಿದ್ದ ಸೂತ್ರ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಕುಳಿತಾಗ ರೆಕ್ಕೆ ಚಾಚಿದರೆ ಏರೋಪ್ಲೇನ್ ಚಿಟ್ಟೆ. ಬೆನ್ನ ಮೇಲೆ ಜೋಡಿಸಿಕೊಂಡರೆ ಅದರ ಸಪೂರ ದಾಯಾದಿ, ಡ್ಯಾಮ್ಸೆಲ್‌ಫ್ಲೈ. ಒಮ್ಮೆ ಹುಡುಗನೊಬ್ಬ, ಕೆರೆಯಲ್ಲಿ ತಾನು ಕಂಡ ಸಪೂರ ಹುಳು ರೆಕ್ಕೆ ಬಿಡಿಸಿಕೊಂಡೇ ಕೂರುತ್ತದೆ ಎಂದು ಉತ್ತರಪತ್ರಿಕೆಯಲ್ಲಿ ಬರೆದಿದ್ದ. ನಾನು ಅರ್ಧ ಅಂಕ ಕಳೆದೆ. ಲೆಸ್ಟಿಸ್ ಕುಲದ ಡ್ಯಾಮ್ಸೆಲ್‌ಫ್ಲೈಗಳು ಹಾಗೆಯೇ ಕೂರುತ್ತವೆಂಬುದು ನನಗೆ ತಿಳಿದದ್ದು ನಿವೃತ್ತಿಯ ನಂತರ.

ರೆಕ್ಕೆಯನ್ನು ನಂಬಿದವರಲ್ಲಿ ನನಗಿಂತ ದೊಡ್ಡವರಿದ್ದಾರೆ. ಕೊಡಗಿನಲ್ಲಿ ಈ ಕೀಟಗಳನ್ನು ಸಂಗ್ರಹಿಸಿ, 1933ರಿಂದ 1936ರವರೆಗೆ ಮೂರು ಸಂಪುಟಗಳನ್ನು ಪ್ರಕಟಿಸಿದ ಸೇನಾ ವೈದ್ಯ ಎಫ್. ಸಿ. ಫ್ರೇಸರ್ ವರ್ಗೀಕರಣಕ್ಕೆ ಮುಖ್ಯ ಆಧಾರವಾಗಿಸಿಕೊಂಡದ್ದು ರೆಕ್ಕೆಯ ನಾಳಗಳನ್ನೇ. ನಾಳ ಎಲ್ಲಿ ಕವಲೊಡೆಯುತ್ತದೆ, ಮುಂದಂಚಿನ ಗಿಣ್ಣು ಬುಡಕ್ಕೆ ಎಷ್ಟು ಸಮೀಪ, ತುದಿಯ ಬಣ್ಣದ ಚುಕ್ಕೆಯ ಆಕಾರವೇನು ಎಂಬುದರಿಂದ ನಂಟಸ್ತಿಕೆಯನ್ನು ಗುರುತಿಸುತ್ತಾರೆ. ಪಳೆಯುಳಿಕೆಗಳ ವಿಷಯದಲ್ಲಿ ಬೇರೆ ದಾರಿಯೂ ಕಡಿಮೆ. ಮೆತ್ತನೆಯ ಮೈ ಕೊಳೆತುಹೋಗುತ್ತದೆ. ಬಹಳ ಸಲ ಕಲ್ಲಿನಲ್ಲಿ ಉಳಿಯುವುದು ರೆಕ್ಕೆಯೊಂದೇ.

ಆದರೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ಮತ್ತು ಅಮೆರಿಕದ ವಾಷಿಂಗ್ಟನ್ ರಾಜ್ಯಗಳಲ್ಲಿ, ಸುಮಾರು 5 ಕೋಟಿ ವರ್ಷಗಳ ಹಿಂದಿನ ಸರೋವರಗಳ ಕೆಸರು ಗಟ್ಟಿಯಾದ ಶಿಲೆಗಳಿವೆ. ಅಲ್ಲಿನ ಪಳೆಯುಳಿಕೆಗಳನ್ನು ಪರಿಶೀಲಿಸಿದ ಬ್ರೂಸ್ ಆರ್ಚಿಬಾಲ್ಡ್, ರಾಬರ್ಟ್ ಕ್ಯಾನಿಂಗ್ಸ್ ಮತ್ತು ಸಂಗಡಿಗರು 2021ರಲ್ಲಿ ಒಂದು ವಾದವನ್ನು ಮುಂದಿಟ್ಟರು. ರೆಕ್ಕೆ ಡ್ಯಾಮ್ಸೆಲ್‌ಫ್ಲೈಯದರಂತೆಯೇ ಇದ್ದರೂ ಕೆಲವು ಕೀಟಗಳ ತಲೆ ಹಾಗಿಲ್ಲ. ಡ್ಯಾಮ್ಸೆಲ್‌ಫ್ಲೈಯ ಕಣ್ಣುಗಳು ಸುತ್ತಿಗೆಯ ಎರಡು ತುದಿಗಳಂತೆ ದೂರ ದೂರ. ಇವುಗಳ ತಲೆ ದುಂಡು, ಕಣ್ಣುಗಳ ನಡುವೆ ಅಂತರ ಕಡಿಮೆ. ಆದ್ದರಿಂದ ಇವು ಬೇರೆಯೇ ಮನೆತನವೆಂದು ಅವರು ಸೆಫಲೋಜೈಗಾಪ್ಟೆರಾ ಎಂಬ ಹೊಸ ಉಪಗಣವನ್ನು ಹೆಸರಿಸಿದರು. ಅದೇ ವರ್ಷ ಆಂಡ್ರೆ ನೆಲ್ ಮತ್ತು ದಾರಾನ್ ಝೆಂಗ್ ಇದನ್ನು ಒಪ್ಪದೆ, ಶಿಲೆಯ ಒತ್ತಡದಲ್ಲಿ ತಲೆಯ ಆಕಾರವೇ ಕೆಟ್ಟಿರಬಹುದೆಂದರು.

ಯಾರು ಸರಿ ಎಂದು ತೀರ್ಪು ಕೊಡಲು ನಾನು ಯಾರು? ನನ್ನ ಮನಸ್ಸಿಗೆ ನಾಟಿದ್ದು ಇಷ್ಟೇ: ಸೂತ್ರಕ್ಕೆ ಹೊಂದದ ತಲೆಯನ್ನು ಕಂಡಾಗ ಅವರು ಅದನ್ನು ತಪ್ಪೆಂದು ಹೊಡೆದುಹಾಕಲಿಲ್ಲ; ಸೂತ್ರವನ್ನೇ ಮತ್ತೊಮ್ಮೆ ಪ್ರಶ್ನಿಸಿದರು. ಕೆರೆಯ ದಡಕ್ಕೆ ಹೋಗಿ ಕಣ್ಣಾರೆ ನೋಡಿ ಬಂದಿದ್ದ ಹುಡುಗನ ಮುಂದೆ ಕೆಂಪು ಪೆನ್ನು ಹಿಡಿದು ಕುಳಿತ ನಾನು ಅದನ್ನು ಮಾಡಲಿಲ್ಲ.

ಅವನು ಇದನ್ನು ಓದುತ್ತಿದ್ದರೆ ಆ ಅರ್ಧ ಅಂಕ ಅವನದೇ. ಕ್ಷಮೆಯೂ ಇರಲಿ.